ಹದಿನೈದು ನಿಮಿಷ ಕಾಯುವ ಕೆಲಸ

ನಮ್ಮ ಕಡೆಯವರಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು ನಾನು. ಇದನ್ನು ಹೇಳುವಾಗ ನನ್ನ ದನಿ ಸ್ವಲ್ಪ ಮೇಲೇರುತ್ತದೆ ಅಂತ ಗೆಳತಿಯರು ಆಡಿಕೊಳ್ಳುತ್ತಾರೆ. ಏರಲಿ ಬಿಡಿ. ಅಪ್ಪ ಮಾರ್ಕೆಟ್ಟಿನಲ್ಲಿ ಮೂಟೆ ಹೊರುತ್ತಿದ್ದರು. ಚಾಮರಾಜಪೇಟೆಯ ವಠಾರವೊಂದರಲ್ಲಿ ಐದು ಜನಕ್ಕೆ ಒಂದೂವರೆ ಕೋಣೆ. ಎಲ್ಲರೂ ನೀರು ಹಿಡಿದು ಹೋದ ಮೇಲೆ ನಲ್ಲಿ ಕಟ್ಟೆಯ ಮೇಲೆ ಕೂತು ಓದಿದವಳು ನಾನು. ಅಲ್ಲಿಂದ ದೈಹಿಕ ಶಿಕ್ಷಣದ ಪದವಿ, ಅದರ ಮೇಲೆ ಆಟದ ಗಾಯಗಳ ಬಗ್ಗೆ ಒಂದು ವರ್ಷದ ಡಿಪ್ಲೊಮಾ. ಆ ಡಿಪ್ಲೊಮಾ ಪರೀಕ್ಷೆಯಲ್ಲಿ ಮಧುಮೇಹದ ವಿಧಗಳನ್ನು ವಿವರಿಸಿ ಅಂತ ಐದು ಅಂಕದ ಪ್ರಶ್ನೆಯೊಂದು ಬಂದಿತ್ತು. ನನಗೆ ನಾಲ್ಕು ಬಂತು. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಮುಂದೆ ಬರೆಯಲಿರುವ ತಪ್ಪನ್ನು ತಿಳಿಯದೆ ಮಾಡಿದೆ ಅಂತ ಹೇಳಿಕೊಳ್ಳುವ ಹಾಗಿಲ್ಲ. ಉತ್ತರ ಗೊತ್ತಿತ್ತು. ಬರೆದೂ ಇದ್ದೆ.

ಕೆಲಸ ಸಿಕ್ಕಿದ್ದು ಮಲ್ಲೇಶ್ವರದ ಒಂದು ಖೋ ಖೋ ಕ್ಲಬ್ಬಿನಲ್ಲಿ. ಟ್ರೇನರ್ ಅಂದರೆ ಈಗಲೂ ಜನ ಯಾವ ಜಿಮ್ಮು ಅಂತ ಕೇಳುತ್ತಾರೆ. ಆಟ ಕಲಿಸುವುದು ಕೋಚ್ ಕೆಲಸ, ಆಡುವ ಮೈಯನ್ನು ನೋಡಿಕೊಳ್ಳುವುದು ನನ್ನ ಕೆಲಸ. ಉಳುಕಿದರೆ ಐಸ್, ಸೆಳೆದರೆ ಪಟ್ಟಿ, ಬಿಸಿಲಿಗೆ ಬಿದ್ದರೆ ನೆರಳು. ಯಾರು ಇವತ್ತು ಆಡಬಹುದು, ಯಾರು ಕೂರಬೇಕು ಅಂತ ಹೇಳುವುದೂ ನನ್ನದೇ. ನಮ್ಮ ಕೋಚ್ ಸರ್ ಅರವತ್ತು ದಾಟಿದವರು, ಹಳೇ ಕಾಲದ ಆಟಗಾರರು. ಮೊದಮೊದಲು ನನ್ನನ್ನು ‘ಏನಮ್ಮಾ ಡಾಕ್ಟ್ರೇ’ ಅಂತ ಚುಡಾಯಿಸುತ್ತಿದ್ದರು. "ನಮ್ ಕಾಲ್ದಲ್ಲಿ ಉಳುಕಿದ್ರೆ ಅರಿಶಿನ ಹಚ್ಕೊಂಡ್ ಓಡ್ತಿದ್ವಿ. ಟ್ರೇನರ್ರೂ ಇಲ್ಲ, ಗೀನರ್ರೂ ಇಲ್ಲ."

ನಾನು ಸೇರಿದ ಮೂರನೇ ವರ್ಷ ವೈಯಾಲಿಕಾವಲ್ ಕಡೆಯಿಂದ ಒಬ್ಬ ಹುಡುಗಿ ಬಂದಳು. ಹದಿನಾರು ವಯಸ್ಸು, ಪಿಯುಸಿ ಮೊದಲ ವರ್ಷ, ಕಡ್ಡಿಯಂಥ ಕಾಲು. ಓಡಲು ಶುರು ಮಾಡಿದರೆ ನೋಡುವವರು ಕೈಲಿದ್ದ ಕಡಲೆಕಾಯಿ ಮರೆಯಬೇಕು, ಹಾಗಿತ್ತು. ಖೋ ಖೋದಲ್ಲಿ ಅಟ್ಟುವವರು ಎಂಟು ಜನ ಸಾಲಾಗಿ, ಒಬ್ಬರು ಆ ಕಡೆ ಒಬ್ಬರು ಈ ಕಡೆ ಮುಖ ಮಾಡಿ ಕೂತಿರುತ್ತಾರೆ. ಬೆನ್ನು ಮುಟ್ಟಿ ‘ಖೋ’ ಅಂದ ಕ್ಷಣ ಎದ್ದು ಓಡಬೇಕು. ಈ ಹುಡುಗಿ ಏಳುವುದೇ ಕಾಣುತ್ತಿರಲಿಲ್ಲ, ಓಡುತ್ತಿರುವುದಷ್ಟೇ ಕಾಣುತ್ತಿತ್ತು.

ಒಂದು ಸಂಜೆ ಬಟ್ಟೆ ಬದಲಿಸುವ ಕೋಣೆಯಲ್ಲಿ ಸಣ್ಣ ಸೂಜಿಯ ಮುಚ್ಚಳ ಸಿಕ್ಕಿತು. ಯಾರದು ಅಂತ ಕೇಳಿದೆ, ಎಲ್ಲರೂ ಬ್ಯಾಗು ಹೆಗಲಿಗೇರಿಸಿ ಹೊರಟರು. ಅವಳು ಮಾತ್ರ ಎಲ್ಲರೂ ಹೋಗುವವರೆಗೆ ಶೂ ದಾರ ಕಟ್ಟುತ್ತಲೇ ಇದ್ದಳು.

"ನಂದು ಮಿಸ್. ಇನ್ಸುಲಿನ್‌ದು. ಏಳನೇ ಕ್ಲಾಸಿಂದ ತಗೋತಿದೀನಿ. ಟೈಪ್ ಒನ್."

"ಇಷ್ಟು ದಿನ ಯಾಕ್ ಹೇಳ್ಲಿಲ್ಲ?"

"ಹೈಸ್ಕೂಲಲ್ಲಿ ಹೇಳಿದ್ದೆ ಮಿಸ್. ಮಾರನೇ ದಿನಾನೇ ಟೀಮಿಂದ ತೆಗೆದ್ರು. ಚೆನ್ನಾಗಿ ಆಡಲ್ಲ ಅಂತ ತೆಗೆದಿದ್ರೆ ಬೇಜಾರಿರ್ಲಿಲ್ಲ. ಪಾಪ ಹುಷಾರಿಲ್ದಿರೋ ಮಗು ಅಂದ್ರು." ಆಮೇಲೆ ತಲೆ ಎತ್ತಿದಳು. "ನನ್ ಆಟ ನೋಡಿ ಸೇರಿಸ್ಕೊಳ್ಳಿ, ನನ್ ಆಟ ನೋಡಿ ಕಳಿಸಿ. ಅಷ್ಟೇ ಕೇಳೋದು. ಸರ್‌ಗೆ ಹೇಳ್ಬೇಡಿ ಮಿಸ್."

ಹೇಳುವುದಿಲ್ಲ ಅಂತ ಮಾತು ಕೊಟ್ಟೆ. ಆವತ್ತು ಬಸ್ಸಿನಲ್ಲಿ ಮನೆಗೆ ಬರುವಾಗ ನನ್ನ ಬಗ್ಗೆ ನನಗೇ ಹೆಮ್ಮೆ. ಇವಳನ್ನು ನಾನು ನೋಡಿಕೊಳ್ಳುತ್ತೇನೆ ಅಂದುಕೊಂಡೆ.

ಹೇಗೆ ನೋಡಿಕೊಂಡೆ ಅಂತ ಕೇಳಿ. ನಮ್ಮಲ್ಲಿ ವಿರಾಮದಲ್ಲಿ ಎಲ್ಲರಿಗೂ ಕಿತ್ತಳೆ ಬಣ್ಣದ ಗ್ಲೂಕೋಸ್ ನೀರು ಕೊಡುವುದು ರೂಢಿ. ದೊಡ್ಡ ಜಗ್ಗಿನಲ್ಲಿ ನಾನೇ ಕಲಸುತ್ತಿದ್ದೆ. ಮಾರನೇ ದಿನದಿಂದ ಅವಳಿಗೊಂದು ಬೇರೆ ಬಾಟ್ಲಿ ಮಾಡಿದೆ. ನಿಂಬೆ, ಉಪ್ಪು, ನೀರು. ಸಕ್ಕರೆ ಒಂದು ಹರಳೂ ಇಲ್ಲ. ಯಾರಾದರೂ ಕೇಳಿದರೆ ‘ಅವಳಿಗೆ ಕಾಲು ಹಿಡಿಯುತ್ತೆ’ ಅಂತ ಹೇಳುತ್ತಿದ್ದೆ. ಒಂದು ದಿನ ಅವಳ ಬ್ಯಾಗಿನಲ್ಲಿ ಒಂದು ಹಿಡಿ ಚಾಕೊಲೇಟು ಕಂಡಿತು. ಅದನ್ನೂ ತೆಗೆದು ನನ್ನ ಫಸ್ಟ್ ಏಡ್ ಡಬ್ಬಿಯಲ್ಲಿಟ್ಟೆ.

"ಮಿಸ್, ಅದು ಬೇಕಾಗುತ್ತೆ," ಅಂದಳು.

"ಬೇಕಾಗುತ್ತಂತೆ. ಬಾಯಿ ಕಟ್ಟೋದ್ ಕಲೀಬೇಕು ಕಣೇ," ಅಂದೆ.

ಪಕ್ಕದಲ್ಲಿ ನಾಲ್ಕು ಹುಡುಗಿಯರಿದ್ದರು. ಅವಳು ಬಾಯಿ ತೆರೆದು ಮುಚ್ಚಿದಳು. ಗುಟ್ಟು ಕಾಪಾಡು ಅಂತ ಕೇಳಿದ್ದವಳು ಅವಳೇ, ಆ ಗುಟ್ಟೇ ಅವಳ ಬಾಯಿ ಕಟ್ಟಿತು. ಇದು ನನಗೆ ಆಮೇಲೆ ಹೊಳೆದದ್ದು.

ನಾಲ್ಕು ಅಂಕದ ಉತ್ತರ ಬರೆದವಳು ಹೀಗೆ ಯಾಕೆ ಮಾಡಿದೆ? ಕಾರಣ ನಮ್ಮ ಅಡುಗೆಮನೆಯಲ್ಲಿತ್ತು. ಅಪ್ಪನಿಗೆ ನಲವತ್ತೈದಕ್ಕೆಲ್ಲ ಶುಗರ್. ಮೂಟೆ ಹೊರುವ ಕಾಲಿನ ಎರಡು ಬೆರಳು ತೆಗೆದರು. ಅವತ್ತಿಂದ ಮನೆಯಲ್ಲಿ ಬೆಲ್ಲದ ಡಬ್ಬ ಅಟ್ಟಕ್ಕೆ ಹೋಯಿತು, ಅಪ್ಪನ ಕಾವಲಿಗೆ ನನ್ನನ್ನು ಬಿಟ್ಟರು. ಒಂದು ಸಲ ಯಾರದೋ ಗೃಹಪ್ರವೇಶದಲ್ಲಿ ಅಪ್ಪ ಮೈಸೂರ್ ಪಾಕ್ ಬಾಯಿಗೆ ಇಡುವ ಹೊತ್ತಿಗೆ ಎಲ್ಲರೆದುರು ಕೈಯಿಂದ ಕಿತ್ತುಕೊಂಡಿದ್ದೆ. ಆಗ ನನಗೆ ಹನ್ನೆರಡು. ‘ಎಂಥಾ ಮಗಳು ನೋಡಿ’ ಅಂತ ನೆಂಟರೆಲ್ಲ ಹೊಗಳಿದರು. ಅಪ್ಪ ಖಾಲಿ ಕೈ ಪಂಚೆಗೆ ಒರೆಸಿಕೊಂಡರು. ಶುಗರ್ ಇರುವವರ ಕೈಯಿಂದ ಸಿಹಿ ಕಿತ್ತುಕೊಳ್ಳುವುದೇ ಪ್ರೀತಿ ಅಂತ ಅವತ್ತು ಕಲಿತದ್ದನ್ನು ಯಾವ ಡಿಪ್ಲೊಮಾಕ್ಕೂ ಅಳಿಸಲಾಗಿರಲಿಲ್ಲ.

ಅಂತರ ಜಿಲ್ಲಾ ಪಂದ್ಯಕ್ಕೆ ಒಂದು ತಿಂಗಳಿತ್ತು. ಅಭ್ಯಾಸ ಬಿಗಿಯಾಗಿ ನಡೆದಿತ್ತು. ಆ ಸಂಜೆ ಅವಳು ಎರಡು ಸಲ ತಪ್ಪು ದಿಕ್ಕಿಗೆ ಎದ್ದಳು. ಮೂರನೇ ಸಲ ಖೋ ಕೊಟ್ಟರೂ ಕೂತೇ ಇದ್ದಳು. ಕೋಚ್ ಸರ್ ಏನಮ್ಮಾ ನಿದ್ದೇನಾ ಅಂದಿದ್ದಕ್ಕೆ "ನೀವೇ ಓಡಿ ತೋರ್ಸಿ" ಅಂದುಬಿಟ್ಟಳು. ಅವಳು ಎಂದೂ ಹಾಗೆ ಮಾತಾಡಿದವಳಲ್ಲ.

"ಕೊಬ್ಬು," ಅಂತ ನಾನೇ ಮೊದಲು ಅಂದೆ. "ಎರಡು ರೌಂಡ್ ಓಡು."

ಸರ್ ಸಿಟ್ಟಿನಲ್ಲಿ ಟೀ ಕುಡಿಯಲು ಗೇಟಿನಾಚೆ ಹೋದರು. ಅವಳು ಅರ್ಧ ರೌಂಡಿಗೆ ಕಾಂಪೌಂಡ್ ಗೋಡೆ ಹಿಡಿದು ಕೂತಳು. ಹತ್ತಿರ ಹೋದೆ. ಹಣೆಯಿಂದ ಬೆವರು ಸುರಿಯುತ್ತಿತ್ತು, ಮುಟ್ಟಿದರೆ ತಣ್ಣಗೆ. ಬೆರಳುಗಳು ನಡುಗುತ್ತಿದ್ದವು.

"ಮಿಸ್, ಗ್ಲೂಕೋಸ್."

ಮಂಡಿಯೂರಿ ಅವಳ ಪಕ್ಕ ಕೂತೆ. ನನ್ನ ದನಿಯಲ್ಲಿ ಎಷ್ಟು ಪ್ರೀತಿ ಇತ್ತು ಅಂತ ಈಗಲೂ ನೆನಪಿದೆ. "ನಿಂಗದು ಬೇಡ ಪುಟ್ಟಾ. ಇದು ಕುಡಿ," ಅಂತ ಉಪ್ಪು ನಿಂಬೆಯ ಬಾಟ್ಲಿ ಬಾಯಿಗಿಟ್ಟೆ. ಅವಳು ಕುಡಿದಳು. ಬೇಡ ಅನ್ನುವ ಶಕ್ತಿಯೂ ಇರಲಿಲ್ಲ.

ಅಷ್ಟರಲ್ಲಿ ಟೀಮಿನ ಇನ್ನೊಬ್ಬ ಹುಡುಗಿ ಓಡಿ ಬಂದಳು. ಇವಳ ಬೆಂಚ್‌ಮೇಟ್, ಜೊತೆಗೇ ಬಸ್ಸಿನಲ್ಲಿ ಬರುವವಳು. ಅವಳಿಗೆ ಮೊದಲಿಂದ ಎಲ್ಲ ಗೊತ್ತಿತ್ತಂತೆ.

"ಮಿಸ್, ಲೋ ಆಗಿದೆ ಅವಳ್ಗೆ. ಕಿತ್ತಳೆ ನೀರು ಕೊಡಿ."

"ಅವಳಿಗೆ ಶುಗರ್ ಇದೆ ಕಣೇ."

"ಈಗ ಶುಗರ್ ಇಲ್ಲ ಮಿಸ್, ಅದೇ ಪ್ರಾಬ್ಲಮ್ಮು. ಸರೀರಿ ಆ ಕಡೆ." ನನ್ನ ಹೆಗಲು ತಳ್ಳಿ ಜಗ್ಗಿನಿಂದ ಎರಡು ಲೋಟ ಕುಡಿಸಿದಳು. ನನ್ನ ಡಬ್ಬಿ ತೆಗೆದು, ನಾನು ಕಿತ್ತಿಟ್ಟಿದ್ದ ಚಾಕೊಲೇಟಿನಲ್ಲಿ ಒಂದನ್ನು ಸುಲಿದು ಕೈಲಿ ಹಿಡಿದು ಕೂತಳು. ಸ್ವಲ್ಪ ಹೊತ್ತಿಗೆ ನಡುಕ ನಿಂತಿತು. ಇವಳು ಕಣ್ಣು ತೆರೆದು ಸುತ್ತ ನಿಂತವರನ್ನು ನೋಡಿ, "ನಾನ್ ಸರ್‌ಗೆ ಏನಾದ್ರೂ ಅಂದ್ನಾ?" ಅಂತ ಕೇಳಿದಳು.

"ಓಡಿ ತೋರ್ಸಿ ಅಂದೆ ಮಗಾ. ಸೂಪರ್," ಅಂದಳು ಗೆಳತಿ.

ಸಂಪಿಗೆ ರಸ್ತೆಯಿಂದ ಒಳಗೆ ತಿರುಗುವ ಒಂದು ಗಲ್ಲಿಯಲ್ಲಿ ಅವಳ ಅಮ್ಮನ ಅಂಗಡಿ. ಸೀರೆಗೆ ಫಾಲ್ಸ್, ಪೀಕೋ, ಬ್ಲೌಸ್ ಹೊಲಿಗೆ. ಒಬ್ಬರು ಕೂತರೆ ಇನ್ನೊಬ್ಬರು ಬಾಗಿಲಲ್ಲಿ ನಿಲ್ಲುವಷ್ಟು ಜಾಗ. ಮಾರನೇ ದಿನ ಹೋಗಿ ಬಾಗಿಲಲ್ಲಿ ನಿಂತೆ. ಬೈಸಿಕೊಳ್ಳಲು ತಯಾರಾಗೇ ಹೋಗಿದ್ದೆ. ಅವರು ಹೊಲಿಗೆ ನಿಲ್ಲಿಸಲಿಲ್ಲ. ಕೆಂಪು ಸೀರೆಯೊಂದರ ಅಂಚು ಮುಗಿಯುವವರೆಗೆ ನಾನು ನಿಂತೇ ಇದ್ದೆ.

"ಕೂತ್ಕೊಳ್ಳಿ ಮೇಡಂ," ಅಂತ ಸ್ಟೂಲ್ ತಳ್ಳಿದರು. "ನಾನು ಓದಿದ್ದು ಆರನೇ ಕ್ಲಾಸು. ನೀವು ಓದಿದೋರು, ನಿಮ್ ಕೈಲಿದಾಳೆ ಅಂತ ನೆಮ್ಮದಿಯಾಗಿದ್ದೆ."

ಬೈಗುಳ ಆಗಿದ್ದರೆ ತಡೆದುಕೊಳ್ಳುತ್ತಿದ್ದೆ. ಅಪ್ಪನ ಕಥೆ ಹೇಳಿದೆ. ಬೆರಳು, ಬೆಲ್ಲದ ಡಬ್ಬ, ಮೈಸೂರ್ ಪಾಕ್ ಎಲ್ಲ. ಅವರು ಮಿಷನ್ನಿನ ಕೆಳಗಿಂದ ಬಾಬಿನ್ ತೆಗೆದು ನನ್ನ ಅಂಗೈ ಮೇಲಿಟ್ಟರು. ಖಾಲಿ ಬಾಬಿನ್.

"ನಿಮ್ ತಂದೆಗೆ ದಾರ ಇತ್ತು, ಮಿಷನ್ ಹಳೇದಾಗಿ ಸಿಕ್ಕಾಕೊಳ್ತಿತ್ತು. ದೊಡ್ಡೋರಿಗೆ ಬರೋದು ಹಂಗೆ. ನನ್ ಮಗಳಿಗೆ ಬಾಬಿನ್ನಲ್ಲಿ ದಾರಾನೇ ಇಲ್ಲ. ಸಿಹಿ ತಿಂದು ಬಂದಿದ್ದಲ್ಲ, ನಾನೇನೋ ಜಾಸ್ತಿ ಹೋಳಿಗೆ ಹಾಕಿ ಬಂದಿದ್ದಲ್ಲ. ಮೈಯೇ ಆ ದಾರ, ಅಂದ್ರೆ ಇನ್ಸುಲಿನ್, ತಯಾರ್ ಮಾಡೋದನ್ನ ನಿಲ್ಸ್‌ಬಿಡ್ತು. ದಿನಾ ನಾವೇ ಹೊರಗಿಂದ ಹಾಕ್ಬೇಕು. ಎಷ್ಟು ಹಾಕ್ಬೇಕು ಅನ್ನೋದು ಅಂದಾಜು. ಊಟ ಎಷ್ಟು, ಓಟ ಎಷ್ಟು, ಎಲ್ಲ ಸೇರ್ಸಿ ಅಂದಾಜು. ಓಟ ಜಾಸ್ತಿ ಆದ ದಿನ ಶುಗರ್ ಇಳಿದೋಗುತ್ತೆ. ಇಳಿದಾಗ ಸಕ್ಕರೇನೇ ಔಷಧಿ ಮೇಡಂ. ಆ ಚಾಕ್ಲೇಟ್ ನಾನೇ ಹಾಕಿ ಕಳ್ಸಿದ್ದು."

ಆಮೇಲೆ ಅಳತೆ ಪುಸ್ತಕ ತೆಗೆದರು. ಮುಂದಿನಿಂದ ಗಿರಾಕಿಗಳ ಬ್ಲೌಸ್ ಅಳತೆ, ಎದೆ, ತೋಳು, ಹೆಗಲು. ತಿರುಗಿಸಿ ಹಿಂದಿನಿಂದ ತೆರೆದರೆ ಮಗಳ ಅಳತೆ. ಬೆಳಿಗ್ಗೆ ಎಷ್ಟಿತ್ತು, ಎರಡು ಚಪಾತಿಗೆ ಎಷ್ಟು ಏರಿತು, ಆಟದ ದಿನ ಎಷ್ಟು ಇಳಿಯಿತು, ರಾತ್ರಿ ಮಲಗುವ ಮುಂಚೆ ಎಷ್ಟು. ಐದು ವರ್ಷದ್ದು. ನಾನು ನನ್ನ ಬ್ಯಾಗಿನಿಂದ ಪೆನ್ನು ತೆಗೆದೆ. ನಡುನಡುವೆ ಗಿರಾಕಿಗಳು ಬರುತ್ತಿದ್ದರು, ಅವರಿಗೆ ಸೀರೆ ಮಡಿಚಿ ಕೊಟ್ಟು ಮತ್ತೆ ನನಗೆ ಹೇಳುತ್ತಿದ್ದರು.

ಆಟದ ದಿನ ತೊಡೆಗೆ ಇಂಜೆಕ್ಷನ್ ಬೇಡ, ಓಡುವ ಕಾಲು ಔಷಧಿಯನ್ನು ಬೇಗ ಎಳೆದುಕೊಳ್ಳುತ್ತದೆ, ಹೊಟ್ಟೆಗೆ ಹಾಕಬೇಕು. ಡೋಸು ಎಷ್ಟು ಇಳಿಸಬೇಕು ಅನ್ನುವುದು ಡಾಕ್ಟರು ಬರೆದುಕೊಟ್ಟ ಪ್ರಕಾರ, ನಮ್ಮ ಜಾಣತನ ಬೇಡ. ಎಪ್ಪತ್ತಕ್ಕಿಂತ ಕೆಳಗಿಳಿದರೆ ಮೂರು ಚಮಚ ಗ್ಲೂಕೋಸ್ ನೀರಿನಲ್ಲಿ ಕದಡಿ ಕುಡಿಸಿ, ಹದಿನೈದು ನಿಮಿಷ ಕಾದು, ಮತ್ತೆ ಬೆರಳು ಚುಚ್ಚಿ ನೋಡಬೇಕು. ಏರಿಲ್ಲವಾದರೆ ಮತ್ತೆ ಅಷ್ಟೇ, ಮತ್ತೆ ಹದಿನೈದು ನಿಮಿಷ. ಪ್ರಜ್ಞೆ ತಪ್ಪಿದರೆ ಬಾಯಿಗೆ ಏನೂ ಹಾಕಬಾರದು, ಆಸ್ಪತ್ರೆ. ನೂರು ದಾಟುವವರೆಗೆ ಮತ್ತೆ ಓಡಿಸಬಾರದು, ತುಂಬಾ ಏರಿದ್ದರೂ ಓಡಿಸಬಾರದು.

"ಔಷಧಿನ ನಿಮ್ ಐಸ್ ಡಬ್ಬದಲ್ಲಿ ಮಾತ್ರ ಇಡ್ಬೇಡಿ ಮೇಡಂ. ತಂಪಾಗಿರ್ಬೇಕು ಅಂತ ಐಸ್ ಮೇಲೇ ಇಟ್ಬಿಡ್ತಾರೆ. ಹೆಪ್ಪುಗಟ್ಟಿದ್ರೆ ಕೆಟ್ಟೋಯ್ತು."

ನಾನು ಮಾಡಬಹುದಾಗಿದ್ದ ಮುಂದಿನ ತಪ್ಪು ಅದೇ ಆಗಿತ್ತು. ಬರೆದುಕೊಂಡೆ.

"ಲೋ ಆಗ್ತಿದೆ ಅಂತ ಹೆಂಗ್ ಗೊತ್ತಾಗುತ್ತೆ ನಿಮ್ಗೆ?" ಅಂತ ಕೇಳಿದೆ. ಬೆವರು, ನಡುಕ, ಸಿಡುಕು ಅಂತ ಪುಸ್ತಕದಲ್ಲಿದೆ. ಆದರೆ ಖೋ ಖೋ ಆಡುವವರೆಲ್ಲ ಬೆವರುತ್ತಾರೆ, ಔಟಾದವರೆಲ್ಲ ಸಿಡುಕುತ್ತಾರೆ.

ಅವರು ಮೊದಲ ಸಲ ನಕ್ಕರು. "ಏನಾಯ್ತೇ ಅಂತ ಕೇಳಿ. ಏನೂ ಆಗಿಲ್ಲ ಅಂತ ಒಂದ್ಸಲ ಅಂದ್ರೆ ನಿಜ. ಏನೂ ಆಗಿಲ್ಲ, ಏನೂ ಆಗಿಲ್ಲ ಅಂತ ಎರಡ್ಸಲ ಅಂದ್ರೆ ಬೆರಳು ಚುಚ್ಚಿ."

ಗುಟ್ಟಿನ ಮಾತು ಉಳಿದಿತ್ತು. ಸರ್‌ಗೆ ಹೇಳದೆ ಇನ್ನು ಆಡಿಸಲು ನನಗೆ ಧೈರ್ಯವಿಲ್ಲ ಅಂದೆ. "ನೀವ್ ಹೇಳ್ಬೇಡಿ, ನಾನೂ ಹೇಳಲ್ಲ. ಅವಳೇ ಹೇಳ್ಲಿ," ಅಂದರು ಅಮ್ಮ.

ಸರ್‌ಗೆ ನೀನೇ ಹೇಳು ಅಂದಿದ್ದಕ್ಕೆ ಹುಡುಗಿ ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು. ಮೂರನೇ ದಿನ ಅಭ್ಯಾಸ ಮುಗಿದ ಮೇಲೆ ಕೋಚ್ ಸರ್ ಎದುರು ಹೋಗಿ ನಿಂತಳು. ಶುಗರ್ ನೋಡುವ ಮೀಟರು, ಇನ್ಸುಲಿನ್ ಪೆನ್ನು, ಡಾಕ್ಟರ ಚೀಟಿ ಮೂರನ್ನೂ ಬೆಂಚಿನ ಮೇಲೆ ಸಾಲಾಗಿಟ್ಟು, ಮೊನ್ನೆಯ ಉಪ್ಪು ನೀರನ್ನೂ ಸೇರಿಸಿ ಎಲ್ಲ ಹೇಳಿದಳು. ನಾನು ಹತ್ತು ಹೆಜ್ಜೆ ದೂರದಲ್ಲಿದ್ದೆ. ಸರ್ ಚೀಟಿಯನ್ನು ಎರಡು ಸಲ ಓದಿದರು. ಆಡಬಹುದು, ಇಂತಿಂಥದ್ದು ನೋಡಿಕೊಳ್ಳಬೇಕು ಅಂತ ಅದರಲ್ಲಿತ್ತು.

"ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಯಾರು ಜವಾಬ್ದಾರಿ?" ಅಂತ ನನ್ನ ಕಡೆ ನೋಡಿದರು.

"ನಾನು ಸರ್."

"ನೀನು ಮೊನ್ನೆ ಇದೇ ಮಗೂಗೆ ಉಪ್ನೀರು ಕುಡಿಸ್ದೋಳು."

"ಹೌದು ಸರ್. ಅದಕ್ಕೇ ನಾನು."

ಸರ್ ಚೀಟಿ ಮಡಚಿ ವಾಪಸ್ ಕೊಟ್ಟು, "ಓಡಿ ತೋರ್ಸಿ ಅಂದಿದ್ದು ಶುಗರ್ರಾ, ಇಲ್ಲಾ ನೀನಾ?" ಅಂತ ಅವಳನ್ನು ಕೇಳಿದರು.

"ಶುಗರ್ರು ಸರ್."

"ಸರಿ. ಶುಗರ್ ಇಲ್ದಿದ್ದಾಗ್ಲೂ ಒಂದೊಂದ್ಸಲ ಹಂಗೇ ಮಾತಾಡು. ಖೋ ಖೋಗೆ ಅಷ್ಟು ಬಿಸಿ ಬೇಕು," ಅಂದು ಎದ್ದು ಹೋದರು.

ಆಮೇಲಿನ ಮೂರು ವಾರ ನಾನು ಮತ್ತೆ ವಿದ್ಯಾರ್ಥಿನಿ. ಅಭ್ಯಾಸಕ್ಕೆ ಮುಂಚೆ ಒಂದು ಸಲ, ನಡುವೆ ಒಂದು ಸಲ, ಮುಗಿದ ಮೇಲೆ ಒಂದು ಸಲ ಬೆರಳು. ಇಡೀ ಟೀಮಿಗೆ ಹೇಳಿಕೊಟ್ಟೆ. ಗ್ಲೂಕೋಸ್ ಎಲ್ಲಿದೆ, ಎಷ್ಟು ಚಮಚ, ಯಾರು ನನ್ನನ್ನು ಕೂಗಬೇಕು ಅಂತ. ಹುಡುಗಿಯರು ಅದನ್ನೂ ಆಟ ಮಾಡಿಕೊಂಡರು. ಇವತ್ತು ಎಷ್ಟು ಬರುತ್ತೆ ಅಂತ ಊಹೆ ಕಟ್ಟುವರು. ಸರಿಯಾಗಿ ಹೇಳಿದವಳಿಗೆ ಆ ದಿನ ಕೊನೆಯ ರೌಂಡ್ ಮಾಫಿ ಬೇಕು ಅಂತ ಸರ್ ಹತ್ತಿರ ಚೌಕಾಸಿ ಬೇರೆ. ಒಂದು ದಿನ ಅವಳಿಗೆ ಮುನ್ನೂರು ದಾಟಿತ್ತು, ಕೂರಿಸಿದೆ. ಮುಖ ಊದಿಸಿಕೊಂಡು ಕೂತವಳ ಪಕ್ಕ ನಾನೂ ಕೂತೆ. ಓಡಿದರೆ ಇಳಿಯುತ್ತಲ್ಲ ಮಿಸ್ ಅಂತ ವಾದಿಸಿದಳು. ಇನ್ಸುಲಿನ್ ಸಾಲದೆ ಏರಿದ್ದಾಗ ಓಡಿದರೆ ಇನ್ನೂ ಏರಬಹುದು ಅಂತ ನಾನು ಹಿಂದಿನ ದಿನವಷ್ಟೇ ಓದಿದ್ದೆ. ಹಳೇ ಡಿಪ್ಲೊಮಾ ಪುಸ್ತಕದಲ್ಲೇ ಇತ್ತು ಅದು. ಈ ಸಲ ಅವಳ ಮುಖ ಕಣ್ಣ ಮುಂದಿಟ್ಟುಕೊಂಡು ಓದಿದ್ದೆ.

ಪಂದ್ಯ ನಡೆದದ್ದು ತ್ಯಾಗರಾಜನಗರದ ಕಡೆ ಒಂದು ಶಾಲಾ ಮೈದಾನದಲ್ಲಿ, ಭಾನುವಾರ ಬೆಳಿಗ್ಗೆ. ರಾಜ್ಯ ತಂಡಕ್ಕೆ ಆಯ್ಕೆ ಮಾಡುವವರು ಬಂದಿದ್ದರು. ಶಾಮಿಯಾನದ ಕೆಳಗೆ ಮೂರು ಕುರ್ಚಿ, ನಡುವಿನದರಲ್ಲಿ ಕನ್ನಡಕದ ಒಬ್ಬ ಹೆಂಗಸು. ಹಳೇ ಆಟಗಾರ್ತಿಯಂತೆ. ಇವಳ ಕಣ್ಣು ಅತ್ತಲೇ.

ಆಟಕ್ಕೆ ಮುಂಚೆ ಮೀಟರು ನೂರ ತೊಂಬತ್ತು ತೋರಿಸಿತು. ಪಂದ್ಯದ ಬೆಳಿಗ್ಗೆ ಎದೆ ಹೊಡೆದುಕೊಳ್ಳುವಾಗ ಏರುತ್ತೆ, ಅದನ್ನು ನೋಡಿ ಔಷಧಿ ಹಾಕಿಕೊಂಡರೆ ಆಮೇಲೆ ಧೊಪ್ಪಂತ ಬೀಳುತ್ತೆ ಅಂತ ಅವಳ ಅಮ್ಮ ಫೋನಿನಲ್ಲಿ ಎರಡೆರಡು ಸಲ ಹೇಳಿದ್ದರು. ಹಾಗೇ ಬಿಟ್ಟೆ.

ಮೊದಲ ಸರದಿ ಒಂಬತ್ತು ನಿಮಿಷ, ನಮ್ಮದು ಅಟ್ಟುವುದು. ಅವಳೊಬ್ಬಳೇ ಮೂರು ಜನರನ್ನು ಔಟ್ ಮಾಡಿದಳು. ಮುಂದಿನ ಸರದಿಯಲ್ಲಿ ಓಡುವವರ ಪಾಲಿಗೆ ಇಳಿದು ಎರಡೂವರೆ ನಿಮಿಷ ಔಟಾಗದೆ ಉಳಿದಳು. ಔಟಾಗಿ ಹೊರಗೆ ಬಂದವಳಿಗೆ ಟವೆಲ್ ಕೊಡುತ್ತಾ ಏನಾಯ್ತೇ ಅಂತ ಕೇಳಿದೆ.

"ಏನೂ ಆಗಿಲ್ಲ ಮಿಸ್." ಮುಖ ಒರೆಸಿಕೊಂಡಳು. "ಏನೂ ಆಗಿಲ್ಲ."

ಬೆರಳು ಹಿಡಿದೆ. ಐವತ್ತೆಂಟು.

ಮೂರು ಚಮಚ, ಅರ್ಧ ಲೋಟ ನೀರು, ಕುಡಿಸಿ ಗಡಿಯಾರ ನೋಡಿದೆ. ನಮ್ಮ ಆಟದಲ್ಲಿ ಸರದಿ ಒಂಬತ್ತು ನಿಮಿಷ, ಈ ಕಾಯುವಿಕೆ ಹದಿನೈದು. ಯಾವ ಲೆಕ್ಕದಲ್ಲೂ ಇವೆರಡು ಹೊಂದುವುದಿಲ್ಲ. ಐಸ್ ಇಡುವಾಗ, ಪಟ್ಟಿ ಸುತ್ತುವಾಗ ಕೈಗೆ ಕೆಲಸವಿರುತ್ತದೆ. ಇಲ್ಲಿ ಏನೂ ಇಲ್ಲ. ಸುಮ್ಮನೆ ಪಕ್ಕದಲ್ಲಿ ಕೂರಬೇಕು. ಅವಳು ಮಣ್ಣು ಕೆರೆಯುತ್ತಿದ್ದಳು, ನಾನು ಅವಳ ಕತ್ತಿನ ಬೆವರು ಆರುವುದನ್ನು ನೋಡುತ್ತಿದ್ದೆ. ಆ ಕಡೆ ನಮ್ಮ ಹುಡುಗಿಯರು ಒಬ್ಬೊಬ್ಬರೇ ಔಟಾಗುತ್ತಿದ್ದರು.

ವಿರಾಮ ಮುಗಿದು ಎರಡನೇ ಇನ್ನಿಂಗ್ಸ್ ಶುರುವಾಗುವ ಹೊತ್ತು. ಎದುರಾಳಿಗಳು ಎರಡು ಪಾಯಿಂಟ್ ಮುಂದಿದ್ದರು. ಕೋಚ್ ಸರ್ ಗೆರೆಯ ಆಚೆಯಿಂದ ಕೂಗಿದರು. "ಏನಮ್ಮಾ, ಆಯ್ತಾ? ಇಳಿಸ್ಲಾ?"

ಹದಿನೈದು ನಿಮಿಷ ಆಗಿತ್ತು. ಮೀಟರು ಅವಳ ಕೈಯಲ್ಲಿತ್ತು. ಅದರ ಬೆಳಕಿನ ಮುಖ ಅವಳ ಕಡೆಗಿತ್ತು, ನನಗೆ ಕಾಣುತ್ತಿರಲಿಲ್ಲ. ಅವಳು ಸುಳ್ಳು ಹೇಳಬಹುದಿತ್ತು. ಹೇಳಿದ್ದರೆ ಸರ್ ಇಳಿಸುತ್ತಿದ್ದರು, ನಾನು ಕಿತ್ತುಕೊಂಡು ನೋಡುವಷ್ಟರಲ್ಲಿ ಅವಳು ಗೆರೆ ದಾಟಿರುತ್ತಿದ್ದಳು. ಅವಳು ಶಾಮಿಯಾನದ ಕಡೆ ಒಂದು ಸಲ ನೋಡಿದಳು.

"ಎಪ್ಪತ್ನಾಲ್ಕು ಸರ್," ಅಂತ ಕೂಗಿ ಹೇಳಿದಳು. ಶಾಮಿಯಾನದವರೆಗೂ ಕೇಳಿಸುವ ಹಾಗೆ. "ಶುಗರ್ ಇನ್ನೂ ನೂರು ದಾಟಿಲ್ಲ. ಇನ್ ಹದಿನೈದ್ ನಿಮಿಷ ಬೇಕು."

ಕನ್ನಡಕದ ಹೆಂಗಸು ಪಕ್ಕದವರ ಕಿವಿಯಲ್ಲಿ ಏನೋ ಕೇಳಿದರು. ಸರ್ ಅವಳನ್ನು, ನನ್ನನ್ನು ನೋಡಿ ಬದಲಿ ಆಟಗಾರ್ತಿಗೆ ಕೈ ಮಾಡಿದರು. ನಾನು ಮತ್ತೆ ಗ್ಲೂಕೋಸ್ ಕದಡಿದೆ. ಬಾಳೆಹಣ್ಣು, ಎರಡು ಬಿಸ್ಕತ್ತು ಆಮೇಲೆ. ಈ ಎರಡನೇ ಹದಿನೈದು ನಿಮಿಷ ಮೊದಲಿನದರಷ್ಟು ಕಷ್ಟವಾಗಲಿಲ್ಲ. ಅವಳು ಬದಲಿಗೆ ಇಳಿದವಳ ಆಟಕ್ಕೆ ‘ಬಲಗಡೆ ಕಣೇ, ಬಲಗಡೆ’ ಅಂತ ಕೂಗಲು ಶುರು ಮಾಡಿದಳು. ಕೂಗುವುದನ್ನು ಕೇಳಿಯೇ ಏರುತ್ತಿದೆ ಅಂತ ನನಗೆ ಗೊತ್ತಾಯಿತು.

ನೂರ ಹದಿನಾಲ್ಕು ಬಂದಾಗ ನಮ್ಮ ಅಟ್ಟುವ ಸರದಿ ಮುಗಿದುಹೋಗಿತ್ತು. ಕೊನೆಯ ಸರದಿಯಲ್ಲಿ ಮೂವರು ಮೂವರಾಗಿ ಇಳಿಯುವ ಓಟಗಾರ್ತಿಯರ ಮೂರನೇ ಗುಂಪಿಗೆ ಸರ್ ಅವಳನ್ನು ಇಳಿಸಿದರು. ಒಂದು ನಿಮಿಷ ಚಿಲ್ಲರೆ ತಪ್ಪಿಸಿಕೊಂಡು ಓಡಿದಳು. ಒಂದು ಪಾಯಿಂಟಿನಲ್ಲಿ ಸೋತೆವು.

ಮಧ್ಯಾಹ್ನ ಮೈಕಿನಲ್ಲಿ ಹೆಸರು ಓದಿದರು. ನಮ್ಮ ಟೀಮಿನಿಂದ ಇಬ್ಬರು. ಅವಳಿರಲಿಲ್ಲ. ಅವಳು ಅಳಲಿಲ್ಲ, ಬ್ಯಾಗಿನ ಜಿಪ್ಪನ್ನು ಹಾಕಿ ತೆಗೆದು ಮಾಡುತ್ತಾ ನಿಂತಳು.

"ಕೂಗಿ ಹೇಳ್ಬಾರ್ದಿತ್ತು ಅಲ್ವಾ ಮಿಸ್," ಅಂದಳು. ಜಿಪ್ಪು ಪೂರ್ತಿ ಎಳೆದು ಮುಚ್ಚಿ, "ಕೇಳ್ಕೊಂಡ್ ಬನ್ನಿ ಮಿಸ್. ಯಾಕೆ ಅಂತ."

ಹೋದೆ. ನಾಲ್ಕು ಹೆಜ್ಜೆಗೊಂದು ಸಲ ಮಾತು ಜೋಡಿಸಿಕೊಂಡೆ. ಕಾಯಿಲೆ ಅಂದರೆ ಏನು ಹೇಳಬೇಕು, ಯಾವ ಚೀಟಿ ತೋರಿಸಬೇಕು, ಬಾಬಿನ್ ಕಥೆ ಹೇಳಲಾ ಅಂತೆಲ್ಲ. ಕನ್ನಡಕದ ಹೆಂಗಸು ನೀರಿನ ಬಾಟ್ಲಿ ಮುಚ್ಚಳ ತಿರುಗಿಸುತ್ತಿದ್ದರು.

"ಯಾವ್ಳು, ಆ ಎಪ್ಪತ್ನಾಲ್ಕಾ?" ಅಂದರು. "ಕಾಲು ಚೆನ್ನಾಗಿದೆ. ಪೋಲ್ ಡೈವ್ ಬರಲ್ಲ. ಕಂಬದ ಹತ್ರ ರನ್ನರ್ ತಿರುಗಿದಾಗ ಕಂಬ ಹಿಡಿದು ಬೀಳ್ಬೇಕಾ, ಇವಳು ನಿಂತ್ಕೊಂಡ್ ಯೋಚ್ನೆ ಮಾಡ್ತಾಳೆ. ಎರಡ್ಸಲ ಬಿಟ್ಟಳು. ನೀವೇನ್ ಮಾಡ್ತಿದೀರಿ ಅಲ್ಲಿ? ಕಲ್ಸಿ ಕರ್ಕೊಂಡ್ ಬನ್ನಿ ಮುಂದಿನ್ ವರ್ಷ."

"ಅವಳ ಶುಗರ್ ವಿಷ್ಯ..."

"ಅದು ನಿಮ್ ಕೆಲ್ಸ ತಾನೇ?" ಅಂದರು. ಬಾಟ್ಲಿ ಎತ್ತಿ ನೀರು ಕುಡಿದರು.

ವಾಪಸ್ ಬಂದು ಇದ್ದದ್ದು ಇದ್ದ ಹಾಗೆ ಹೇಳಿದೆ.

"ಅಷ್ಟೇನಾ?"

"ಅಷ್ಟೇ."

"ಶುಗರ್‌ದು ಏನೂ ಅನ್ಲಿಲ್ವಾ? ಪಾಪ ಗೀಪ ಅಂತ?"

"ಇಲ್ಲ. ಪೋಲ್ ಡೈವ್ ಬರಲ್ಲ ಅಂದ್ರು."

ಆಗ ಅತ್ತಳು. ಗೆಳತಿಯ ಹೆಗಲಿಗೆ ಮುಖವಿಟ್ಟು ಒಂದೆರಡು ನಿಮಿಷ, ಮೈಯೆಲ್ಲ ಅಲ್ಲಾಡುವ ಹಾಗೆ. ಆಮೇಲೆ ಮೂಗು ಒರೆಸಿಕೊಂಡು, "ಪೋಲ್ ಡೈವ್ ಬರಲ್ವಂತೆ ನಂಗೆ. ಅವರ ಕನ್ನಡಕ ಬದಲಾಯಿಸೋಕ್ ಹೇಳು," ಅಂದಳು. ವಾಪಸ್ ಬರುವ ಬಸ್ಸಿನಲ್ಲಿ ಬಸವನಗುಡಿ ದಾಟುವವರೆಗೂ ಅದೇ ಜಗಳ. ಮೊದಲನೇ ಸಲ ಬಿಟ್ಟದ್ದು ತನ್ನ ತಪ್ಪಲ್ಲ, ಕಂಬಕ್ಕೆ ಯಾರೋ ಎಣ್ಣೆ ಹಚ್ಚಿದ್ದರು, ಎರಡನೆಯದು ಬೇಕಿದ್ದರೆ ಒಪ್ಪುತ್ತೇನೆ. ಹುಡುಗಿಯರು ಹೋ ಅಂತ ರೇಗಿಸಿದರು. ಕೋಚ್ ಸರ್ ಮುಂದಿನ ಸೀಟಿನಿಂದ ತಿರುಗದೆ, "ಎರಡೂ ನಿಂದೇ," ಅಂದರು.

ಸೋಮವಾರ ಅಭ್ಯಾಸಕ್ಕೆ ರಜೆ ಇತ್ತು. ಬಾಕಿ ಇದ್ದ ಐಸ್ ಬ್ಯಾಗುಗಳನ್ನು ತೊಳೆದಿಡಲು ಬೆಳಿಗ್ಗೆ ಆರೂಮುಕ್ಕಾಲಿಗೆ ಮೈದಾನಕ್ಕೆ ಹೋದರೆ ಅವಳು ಕಂಬದ ಹತ್ತಿರ ಒಬ್ಬಳೇ ಇದ್ದಳು. ಮೊಣಕೈ ಆಗಲೇ ತರಚಿತ್ತು. ನನ್ನನ್ನು ನೋಡಿ, ಕೇಳುವ ಮುಂಚೆಯೇ ಸೊಂಟದ ಚೀಲದಿಂದ ಮೀಟರು ತೆಗೆದು ತೋರಿಸಿದಳು. ನೂರ ಮೂವತ್ತೊಂದು.

"ತಿಂಡಿ?"

"ಎರಡು ಇಡ್ಲಿ."

"ಸರಿ, ಹೋಗು," ಅಂದೆ.

ಅವಳು ಹಿಂದೆ ಸರಿದು ಓಡಿ ಬಂದು ಕಂಬ ಹಿಡಿದು ಹಾರಿದಳು. ಕೈ ಜಾರಿ ಮುಖ ಮಣ್ಣಿಗೆ ಬಿತ್ತು. ಡೆಟ್ಟಾಲು ತರಲು ನಾನು ಎದ್ದೆ. ಅವಳು ಅಷ್ಟರಲ್ಲಿ ಮತ್ತೆ ಹಿಂದಕ್ಕೆ ನಡೆಯುತ್ತಿದ್ದಳು, ಹೆಜ್ಜೆ ಎಣಿಸಿಕೊಂಡು.